ಕಂಟ್ರೋಲ್ ಕ್ಯಾಬಿನೆಟ್ ಕ್ಲೀನಾಗಿರ್ಬೇಕು: ಗಾಳಿ ಊದೋದಾ, ಹೆಪಾ ವ್ಯಾಕ್ಯೂಮಾ, ಸೀಲ್ಡ್ ಬಾಕ್ಸಾ?

ನ್ಯೂಕ್ಲಿಯರ್ ಪ್ಲಾಂಟ್‌ನ ಎಲೆಕ್ಟ್ರಾನಿಕ್ಸ್ ಇಡೋ ಕಂಟ್ರೋಲ್ ಕ್ಯಾಬಿನೆಟ್ ಒಳಗೆ ಧೂಳು, ವೈರ್ ಚೂರು ಇರದ ಹಾಗೆ ನೋಡ್ಕೊಳ್ಳೋಕೆ ಈ ಮೂರರಲ್ಲಿ ಯಾವ್ದು ಅಂತ ಕೇಳಿದ್ರಲ್ಲ, ನಂಗೆ ತಿಳಿದಿದ್ದು ಹೇಳ್ತೀನಿ.

ಖರ್ಚು ನೋಡಿದ್ರೆ ಕಂಪ್ರೆಸ್ಡ್ ಏರ್, ಅಂದ್ರೆ ಗಾಳಿ ಊದೋದು, ಅಗ್ಗ, ಸೀಲ್ಡ್ ಕ್ಯಾಬಿನೆಟ್ ದುಬಾರಿ, ವ್ಯಾಕ್ಯೂಮ್ ಮಧ್ಯದಲ್ಲಿ.

ಆದ್ರೆ ಸೇಫ್ಟಿನೇ ಮುಖ್ಯ. ಗಾಳಿ ಊದಿದ್ರೆ ಕಸ ಹೋಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ, ಒಂದು ಸಣ್ಣ ತಾಮ್ರದ ಎಳೆ ಹಾರಿ ಎರಡು ಟರ್ಮಿನಲ್ ಮಧ್ಯೆ ಕೂತ್ರೆ ಶಾರ್ಟ್ ಆಗುತ್ತೆ, ಇನ್ನು ರೇಡಿಯೋಆ್ಯಕ್ಟಿವ್ ಧೂಳು ಇರೋ ಏರಿಯಾದಲ್ಲಿ ಊದಿದ್ರೆ ಅದು ಗಾಳಿಗೆ ಸೇರಿ ಉಸಿರಲ್ಲಿ ಒಳಗೆ ಹೋಗ್ಬಹುದು, ಅಲ್ಲಿ ದಯವಿಟ್ಟು ಊದ್ಬೇಡಿ. ವ್ಯಾಕ್ಯೂಮ್ ಆದ್ರೆ ಕಸ ಎಳ್ಕೊಳ್ಳುತ್ತೆ, ಅದ್ರಲ್ಲಿರೋ ಹೆಪಾ, ಅಂದ್ರೆ ತುಂಬಾ ಸಣ್ಣ ಧೂಳನ್ನೂ ಹಿಡಿಯೋ ಫಿಲ್ಟರ್, 0.3 ಮೈಕ್ರಾನ್ ಕಣಗಳನ್ನೂ 99.97% ಹಿಡಿಯುತ್ತೆ. ಆದ್ರೆ ಸಾದಾ ಪ್ಲಾಸ್ಟಿಕ್ ನಾಝಲ್ ಸ್ಟ್ಯಾಟಿಕ್ ಹುಟ್ಟಿಸಿ ಬೋರ್ಡ್ ಸುಡ್ಬಹುದು, ಹಾಗಾಗಿ ಆ್ಯಂಟಿಸ್ಟ್ಯಾಟಿಕ್ ಮಾಡೆಲ್ಲೇ ಬೇಕು.

ಮೇಂಟೆನೆನ್ಸ್‌ನಲ್ಲಿ ಸೀಲ್ಡ್ ಕ್ಯಾಬಿನೆಟ್ ಆರಾಮ, ಧೂಳೇ ಬರಲ್ಲ, ಆದ್ರೆ ಬಿಸಿ ಹೊರಗೆ ಹೋಗೋಕೆ ಹೀಟ್ ಎಕ್ಸ್‌ಚೇಂಜರ್ ಬೇಕಾಗ್ಬಹುದು, ಬಾಗಿಲು ತೆಗೆದು ಡ್ರಿಲ್ ಮಾಡಿದ್ರೆ ಸೀಲ್ ಇದ್ದೂ ಏನೂ ಪ್ರಯೋಜನ ಇಲ್ಲ.

ಹೊಸ ಪ್ಯಾನೆಲ್ ಹಾಕ್ತಿದ್ರೆ, ಸುತ್ತ ಧೂಳು ಜಾಸ್ತಿ ಇದ್ರೆ ಸೀಲ್ಡ್ ತಗೊಳ್ಳಿ. ಹಳೇ ಕ್ಯಾಬಿನೆಟ್, ಔಟೇಜ್ ಟೈಮಲ್ಲಿ (ಪ್ಲಾಂಟ್ ನಿಲ್ಲಿಸಿ ಕೆಲ್ಸ ಮಾಡೋವಾಗ) ವೈರಿಂಗ್ ಕೆಲ್ಸ ಅಂದ್ರೆ ವ್ಯಾಕ್ಯೂಮ್, ಜೊತೆಗೆ ಓಪನಿಂಗ್‌ಗೆಲ್ಲ ಕವರ್, ಟೂಲ್ಸ್ ಎಣಿಸಿ ಒಳಗೆ ಎಣಿಸಿ ಹೊರಗೆ. ಕಂಪ್ರೆಸ್ಡ್ ಏರ್ ಬೇಕಂದ್ರೆ ರೇಡಿಯೋಆ್ಯಕ್ಟಿವ್ ಧೂಳಿಲ್ಲದ ಕ್ಲೀನ್ ಏರಿಯಾದಲ್ಲಿ, ಬಿಚ್ಚಿ ವರ್ಕ್‌ಶಾಪಿಗೆ ತಂದ ಬಿಡಿಭಾಗಕ್ಕೆ ಮಾತ್ರ.