ಬೋಂಡನ ಬಟ್ಟಲು: ಐದರಲ್ಲಿ ಮೂರು ನಕ್ಷತ್ರ, ಸ್ಟ್ಯಾಂಡಿಗೆ ಸೊನ್ನೆ

ಹಳೆಯ ಸ್ಟೀಲ್ ಬಟ್ಟಲಿನಲ್ಲಿ ನಮ್ಮ ಲ್ಯಾಬ್ರಡಾರ್ ನಾಯಿ ಬೋಂಡ 200 ಗ್ರಾಂ ಡಾಗ್ ಫುಡ್ಡನ್ನು 38 ಸೆಕೆಂಡಿನಲ್ಲಿ ಮುಗಿಸುತ್ತಿದ್ದ. ಮುಗಿದ ಮೇಲೂ ಬಟ್ಟಲನ್ನು ನೆಕ್ಕುತ್ತ, ತಳ್ಳುತ್ತ, ಅಡುಗೆಮನೆಯ ಮೂಲೆಯಿಂದ ಹಜಾರದ ಬಾಗಿಲವರೆಗೆ ತಂದು, ಒಮ್ಮೆ ತೇಗಿ ನನ್ನ ಮುಖ ನೋಡುತ್ತಿದ್ದ. ವಾರಕ್ಕೆ ಎರಡು ಸಲವಾದರೂ ತಿಂದದ್ದೆಲ್ಲ ಕಾಳು ಕಾಳಾಗಿಯೇ ಹೊರಗೆ ಬರುತ್ತಿತ್ತು. ನಾನು ಬಟ್ಟೆ ತರುವಷ್ಟರಲ್ಲಿ ಅದನ್ನೂ ತಿಂದು ಮುಗಿಸಿರುತ್ತಿದ್ದ.

ಹಾಸನದ ಹೈಸ್ಕೂಲೊಂದರಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಅಳೆಯದೆ ಯಾವುದನ್ನೂ ನಂಬುವ ಅಭ್ಯಾಸವಿಲ್ಲ. 38 ಸೆಕೆಂಡಿಗೆ 200 ಗ್ರಾಂ ಎಂದರೆ ನಿಮಿಷಕ್ಕೆ ಸುಮಾರು 315 ಗ್ರಾಂ. ಈ ಲೆಕ್ಕ ಹೇಳಿದಾಗ ಪಶುವೈದ್ಯರು ನಕ್ಕರು. ಆಮೇಲೆ ಬೋಂಡನನ್ನು ತಕ್ಕಡಿಯ ಮೇಲೆ ನಿಲ್ಲಿಸಿ 38 ಕಿಲೋ ಕಂಡಾಗ ನಗು ನಿಲ್ಲಿಸಿ, ‘ಮೇಡಂ, ನಿಧಾನವಾಗಿ ತಿನ್ನಿಸುವ ಬಟ್ಟಲು ಬರುತ್ತದೆ, ಒಂದು ತರಿಸಿ’ ಎಂದರು. ಆನ್‌ಲೈನಿನಲ್ಲಿ 749 ರೂಪಾಯಿಗೆ ಸಿಕ್ಕಿತು, ಜೊತೆಗೊಂದು ಮರದ ಸ್ಟ್ಯಾಂಡ್ ಕೂಡ.

ಬಟ್ಟಲು ಗಟ್ಟಿ ಪ್ಲಾಸ್ಟಿಕ್ಕಿನದು. ದೊಡ್ಡದೊಂದು ಚಕ್ಕುಲಿಯನ್ನು ತಳಕ್ಕೆ ಅಂಟಿಸಿದಂತೆ ಒಳಗೆಲ್ಲ ಸುರುಳಿ ಸುರುಳಿಯಾದ ಗೋಡೆಗಳು. ಕಾಳು ಆ ಸಂದುಗಳಲ್ಲಿ ಬೀಳುತ್ತವೆ, ನಾಯಿ ಅಲ್ಲಿಂದ ನಾಲಿಗೆಯಲ್ಲಿ ಒಂದೊಂದಾಗಿ ಎತ್ತಿಕೊಳ್ಳಬೇಕು. ಮೊದಲ ದಿನ ಅದೇ 200 ಗ್ರಾಮಿಗೆ 4 ನಿಮಿಷ 50 ಸೆಕೆಂಡ್ ಬೇಕಾಯಿತು. ನಿಮಿಷಕ್ಕೆ 41 ಗ್ರಾಂ. ಮಧ್ಯೆ ಎರಡು ಸಲ ತಲೆಯೆತ್ತಿ, ‘ಇದೇನು ಶಿಕ್ಷೆ’ ಎಂಬಂತೆ ನನ್ನತ್ತ ನೋಡಿದ. ಮೂರನೆಯ ವಾರದ ಹೊತ್ತಿಗೆ ನಾಲಿಗೆಗೆ ದಾರಿ ಗೊತ್ತಾಗಿ 3 ನಿಮಿಷ 20 ಸೆಕೆಂಡಿಗೆ ಇಳಿಸಿದ. ನಿಮಿಷಕ್ಕೆ 60 ಗ್ರಾಂ. ಅಲ್ಲಿಗೇ ನಿಂತಿದ್ದಾನೆ. ತಿಂಗಳಲ್ಲಿ ವಾಂತಿ ಆದದ್ದು ಒಂದೇ ಸಲ. ಕೊಟ್ಟ ಮೂರು ನಕ್ಷತ್ರಗಳಲ್ಲಿ ಎರಡು ಇದಕ್ಕೇ.

ಇನ್ನು ತಕರಾರು. ತಳದಲ್ಲಿರುವ ನಾಲ್ಕು ರಬ್ಬರ್ ಗುಂಡಿಗಳಲ್ಲಿ ಒಂದು ಎರಡನೆಯ ವಾರಕ್ಕೇ ಉದುರಿತು. ಅಂದಿನಿಂದ ಬಟ್ಟಲು ನೆಲದ ಮೇಲೆ ಜಾರುತ್ತದೆ. ಅಂಚಿಗೆ ಮುಂಗಾಲಿಟ್ಟರೆ ಮಗುಚುತ್ತದೆ ಎಂಬುದನ್ನು ಬೋಂಡ ಒಂದೇ ದಿನದಲ್ಲಿ ಕಲಿತ. ಮಗುಚಿದ ಬಟ್ಟಲಿನಿಂದ ಚೆಲ್ಲಿದ್ದನ್ನು ತಿನ್ನಲು ಅವನಿಗೆ ಹಳೆಯ 38 ಸೆಕೆಂಡೂ ಬೇಡ. ಈಗ ಗೋಡೆಯ ಮೂಲೆಗೆ ಒತ್ತಿ, ಕೆಳಗೆ ಹಳೆಯ ಗೋಣಿ ಹಾಸಿ ಇಡುತ್ತೇನೆ.

ಇದಕ್ಕಿಂತ ದೊಡ್ಡ ತೊಂದರೆ ಸಂಜೆಯ ಊಟದ್ದು. ನಮ್ಮ ಮನೆಗಳಲ್ಲಿ ಎರಡು ಹೊತ್ತೂ ಪ್ಯಾಕೆಟ್ ಆಹಾರ ಹಾಕುವವರು ಎಷ್ಟು ಜನ? ರಾತ್ರಿಗೆ ಮೊಸರನ್ನ, ಇಲ್ಲವೇ ರಾಗಿ ಗಂಜಿ. ಮೊಸರನ್ನ ಆ ಚಕ್ಕುಲಿಯ ಸಂದುಗಳಲ್ಲಿ ಗಾರೆಯಂತೆ ಮೆತ್ತಿಕೊಳ್ಳುತ್ತದೆ. ನಾಯಿಯ ನಾಲಿಗೆ ಮುಟ್ಟದ ಕಡೆ ಅಗುಳು ಒಣಗಿ ಬೆಳಗಾಗುವಷ್ಟರಲ್ಲಿ ಇರುವೆ ಸಾಲು. ಬಾಟಲಿ ತೊಳೆಯುವ ಬ್ರಷ್ ತಂದು ದಿನವೂ ಉಜ್ಜುತ್ತಿದ್ದೇನೆ. ಮೊಮ್ಮಕ್ಕಳ ಹಾಲಿನ ಬಾಟಲಿಗೂ ಇಷ್ಟು ಉಜ್ಜಿರಲಿಲ್ಲ. ಗಂಜಿಯಂತೂ ಈ ಬಟ್ಟಲಿಗೆ ಆಗಿಬರುವುದೇ ಇಲ್ಲ, ಸರಾಗವಾಗಿ ನೆಕ್ಕಿಬಿಡುತ್ತಾನೆ. ಪದಾರ್ಥ ಮೆತ್ತಗಾದಷ್ಟೂ ತಿನ್ನುವ ವೇಗ ಹೆಚ್ಚು. ಈ ಮಾತು ನಾಯಿಗೂ ನಮಗೂ ಒಂದೇ.

ಡಬ್ಬಿಯ ಮೇಲೆ ‘ತೂಕ ಇಳಿಸುತ್ತದೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಇದು ನನಗೆ ಸಿಟ್ಟು ತರಿಸಿತು. ಮನುಷ್ಯರ ವಿಷಯದಲ್ಲಾದರೆ ಇದರಲ್ಲಿ ಸ್ವಲ್ಪ ಸತ್ಯವಿದೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 17 ಗಂಡಸರಿಗೆ 300 ಮಿಲಿಲೀಟರ್ ಐಸ್‌ಕ್ರೀಮನ್ನು ಒಮ್ಮೆ 5 ನಿಮಿಷದಲ್ಲಿ, ಇನ್ನೊಮ್ಮೆ 30 ನಿಮಿಷದಲ್ಲಿ ತಿನ್ನಿಸಿದರು. ನಿಧಾನವಾಗಿ ತಿಂದಾಗ ಹೊಟ್ಟೆ ತುಂಬಿತೆಂದು ಸಾರುವ ಕರುಳಿನ ಹಾರ್ಮೋನುಗಳು ಹೆಚ್ಚಿದ್ದವು. 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರಿಗೆ ಎರಡು ವಾರ ಅತಿಸಂಸ್ಕರಿತ ಆಹಾರ (ಕಾರ್ಖಾನೆಯಲ್ಲಿ ತಯಾರಾಗುವ ಪ್ಯಾಕೆಟ್ ತಿನಿಸಿನಂಥದು), ಎರಡು ವಾರ ಸಾದಾ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಸಂಸ್ಕರಿತ ಆಹಾರವನ್ನು ಜನ ಬೇಗ ಬೇಗ ತಿಂದರು, ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಆದರೆ ಅವರೆಲ್ಲ ಸಾಕೆನಿಸಿದಾಗ ನಿಲ್ಲಿಸಬಲ್ಲವರು. ಬೋಂಡನಿಗೆ ಎಷ್ಟು ಎಂದು ತೀರ್ಮಾನಿಸುವವಳು ನಾನು. 200 ಗ್ರಾಂ ಹಾಕಿದರೆ ಅರ್ಧ ನಿಮಿಷಕ್ಕೂ ಅರ್ಧ ಗಂಟೆಗೂ ಅದು 200 ಗ್ರಾಮೇ. ತಿಂಗಳ ಮೇಲೆ ಮತ್ತೆ ತೂಗಿದೆವು: 38 ಕಿಲೋ.

ಸಾಕೆನ್ನುವ ಗುಣ ಇವನ ಜಾತಿಗೇ ಕಡಿಮೆ. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ಹೇಳಿದಂತೆ, ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹಸಿವನ್ನು ಹತೋಟಿಯಲ್ಲಿಡಲು ನೆರವಾಗುವ ಪಿಒಎಂಸಿ ಎಂಬ ಜೀನಿನ ತುಣುಕೊಂದು ಉದುರಿಹೋಗಿರುತ್ತದೆ. ಅಂಥವು ತೂಕದಲ್ಲೂ ಮುಂದು, ತಿಂಡಿಯ ಆಸೆಯಲ್ಲೂ ಮುಂದು. ಬೋಂಡನ ಜೀನ್ ಪರೀಕ್ಷೆ ಮಾಡಿಸಿಲ್ಲ. ಪ್ಯಾಕೆಟ್ ಸದ್ದಿಗೆ ಮಹಡಿಯಿಂದ ಅವನು ಇಳಿದು ಬರುವ ರೀತಿ ನೋಡಿದವರಿಗೆ ಪರೀಕ್ಷೆ ಬೇಕಾಗಿಲ್ಲ.

ಗುಳುಂ ಎನ್ನಿಸುವುದಕ್ಕೆ ನಾಯಿಯನ್ನು ಬೈಯುವಂತೆಯೂ ಇಲ್ಲ. ಅದರ ದವಡೆ ಹಸುವಿನದರಂತೆ ಅಡ್ಡಡ್ಡ ಅರೆಯುವುದಿಲ್ಲ. ತವರಿನ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತಿತ್ತು. ಆತುರದಲ್ಲಿ ನುಂಗಿದ್ದನ್ನು ಪುರಸೊತ್ತಿನಲ್ಲಿ ಅಗಿಯುವ ಸೌಕರ್ಯ ಅದಕ್ಕಿತ್ತು.

ನಮ್ಮ ಯಜಮಾನರ ಊಟದ ವೇಗವನ್ನೂ ಅಳೆದೆ. 1980ರಲ್ಲಿ ಹ್ಯಾರಿ ಕಿಸಿಲೆಫ್ ಎಂಬ ಸಂಶೋಧಕರು ಊಟದ ಮೇಜಿನ ಕೆಳಗೆ ತಕ್ಕಡಿ ಅಡಗಿಸಿ, ಉಣ್ಣುವವರಿಗೆ ಕಾಣದಂತೆ ತುತ್ತಿನ ಲೆಕ್ಕ ಹಿಡಿಯುವ ಏರ್ಪಾಡು ಮಾಡಿದ್ದರು. ನಾನು ಅಡುಗೆಯ ಡಿಜಿಟಲ್ ತಕ್ಕಡಿಯನ್ನು ತಟ್ಟೆಯಡಿ ಇಟ್ಟು ಮೇಲೊಂದು ಕರವಸ್ತ್ರ ಹೊದಿಸಿದೆ. ಬಸ್ಸಾರಿನಲ್ಲಿ ಮುದ್ದೆ ಮುರಿಯಲು ಅವರು ಬೆರಳೊತ್ತಿದಾಗಲೆಲ್ಲ ಅಂಕಿ ಎರಡು ಕಿಲೋಗೆ ಜಿಗಿಯುತ್ತಿತ್ತು. ಕೈಯಲ್ಲಿ ಉಣ್ಣುವವರಿಗೆ ಕಿಸಿಲೆಫ್ ವಿಧಾನ ಒಗ್ಗದು. ‘ಏನೇ ಇದು, ತಟ್ಟೆ ಅಲ್ಲಾಡುತ್ತದೆ’ ಎಂದರು. ಕೊನೆಗೆ ಮೊದಲಿನ ತೂಕ, ಕೊನೆಯ ತೂಕ ಎರಡನ್ನೇ ಹಿಡಿದೆ: 460 ಗ್ರಾಂ, 6 ನಿಮಿಷ. ನಿಮಿಷಕ್ಕೆ 77. ಹೊಸ ಬಟ್ಟಲಿನಲ್ಲಿ ಬೋಂಡನದು 60. ಮುದ್ದೆಯಲ್ಲಿ ನೀರೇ ಹೆಚ್ಚು, ಒಣ ಕಾಳಿನೊಂದಿಗೆ ಹೋಲಿಸುವುದು ನ್ಯಾಯವಲ್ಲ ಎಂದು ನಾನೇ ಅವರ ಪರ ವಾದಿಸಿದೆ. ‘ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ’ ಎಂದು ಅವರು ಕೈ ತೊಳೆಯಲು ಎದ್ದರು.

ಸ್ಟ್ಯಾಂಡಿನ ವಿಷಯ ಮಾತ್ರ ತಮಾಷೆಯಲ್ಲ. ಎತ್ತರದಲ್ಲಿಟ್ಟರೆ ಹೊಟ್ಟೆಯುಬ್ಬರ ಬರುವುದಿಲ್ಲ ಎಂದು ಡಬ್ಬಿ ಹೇಳುತ್ತದೆ. ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ಉಬ್ಬಿ, ತಿರುಚಿಕೊಂಡು, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುವ ಕಾಯಿಲೆ ಅದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 11 ತಳಿಗಳ 1,600ಕ್ಕೂ ಹೆಚ್ಚು ನಾಯಿಗಳನ್ನು ಗಮನಿಸಿ 2000ದಲ್ಲಿ ಬರೆದದ್ದು ಇದಕ್ಕೆ ತದ್ವಿರುದ್ಧ. ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಹೆಚ್ಚಿದ ವಯಸ್ಸು, ಹತ್ತಿರದ ರಕ್ತಸಂಬಂಧಿಗೆ ಈ ಕಾಯಿಲೆ ಬಂದಿರುವುದು, ಬೇಗ ತಿನ್ನುವುದು ಇವುಗಳ ಜೊತೆಗೆ ಎತ್ತರದ ಬಟ್ಟಲೂ ಇತ್ತು. ಆ 11 ತಳಿಗಳಲ್ಲಿ ಲ್ಯಾಬ್ರಡಾರ್ ಇರಲಿಲ್ಲ, ನಿಜ. ಆದರೂ ವೇಗ ತಗ್ಗಿಸುವ ಬಟ್ಟಲು ಮಾರಿ, ಅದನ್ನು ಎತ್ತರಕ್ಕೇರಿಸಲು ಸ್ಟ್ಯಾಂಡನ್ನೂ ಕೊಡುವವರಿಗೆ ಏನೆನ್ನಬೇಕು?

ಸ್ಟ್ಯಾಂಡಿನ ಮೇಲೆ ಈಗ ದೊಡ್ಡಪತ್ರೆ ಕುಂಡ ಕೂತಿದೆ. ಒಣ ಆಹಾರ ಹಾಕುವವರು ಬಟ್ಟಲನ್ನಷ್ಟೇ ತೆಗೆದುಕೊಳ್ಳಿ, ಮೊಸರನ್ನದ ಮನೆಯವರು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಕೊಡಿ. ಅಂದಹಾಗೆ, ಚಿತ್ರದಲ್ಲಿದ್ದದ್ದು ನೀಲಿ ಬಟ್ಟಲು, ಬಂದದ್ದು ಹಸಿರು. ಬೋಂಡನಿಂದ ಈ ಬಗ್ಗೆ ದೂರು ಬಂದಿಲ್ಲ.