ಆಲ್ಟ್ ನ್ಯೂಸ್: ಸುಳ್ಳನ್ನು ಹೇಗೆ ಹಿಡಿದರು ಅಂತಲೂ ತೋರಿಸುವ ಸೈಟ್

2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಅಂತ ಟಿವಿಯವರೇ ಹೇಳಿದ್ದರು, ನೆನಪಿದೆ ಅಲ್ವಾ? ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು, ಆದರೆ ಅದು ಸುಳ್ಳು. ಮರುವರ್ಷ ಪ್ರತೀಕ್ ಸಿನ್ಹಾ ಮತ್ತು ಮೊಹಮ್ಮದ್ ಜುಬೇರ್ ಇಂಥ ಸುಳ್ಳು ಸುದ್ದಿಗಳನ್ನು ಪತ್ತೆ ಮಾಡುವ ಆಲ್ಟ್ ನ್ಯೂಸ್ ಸೈಟ್ ಶುರು ಮಾಡಿದರು. ಈಗ ಮನೆಯ ವಾಟ್ಸಾಪ್ ಗ್ರೂಪಿಗೆ ಏನೇ ವಿಡಿಯೊ ಬಂದರೂ ನಾನು ಮೊದಲು ನೋಡುವುದು ಅಲ್ಲೇ.

ನನಗೆ ಇಷ್ಟವಾಗುವುದು ಅವರ ಕೆಲಸದ ರೀತಿ. ಸುಮ್ನೆ 'ಸುಳ್ಳು' ಅಂತ ಮುದ್ರೆ ಒತ್ತಿ ಹೋಗುವುದಿಲ್ಲ. ವಿಡಿಯೊದ ಒಂದು ಫ್ರೇಮ್ ತೆಗೆದು ರಿವರ್ಸ್ ಇಮೇಜ್ ಸರ್ಚ್ (ಚಿತ್ರವನ್ನೇ ಕೊಟ್ಟು ಇಂಟರ್ನೆಟ್‌ನಲ್ಲಿ ಹುಡುಕುವುದು) ಮಾಡಿ, ಅದು ಮೊದಲು ಎಲ್ಲಿ, ಯಾವಾಗ ಬಂದಿತ್ತು ಅಂತ ಹುಡುಕಿ, ಹಿಂದೆ ಕಾಣುವ ಅಂಗಡಿ ಬೋರ್ಡನ್ನೂ ಬಿಡದೆ ಗಮನಿಸಿ, ಎಲ್ಲವನ್ನೂ ಲಿಂಕ್ ಸಮೇತ ಮುಂದಿಡುತ್ತಾರೆ. ಬೇಕಾದರೆ ನಾವೇ ಮಾಡಿ ನೋಡಬಹುದು. ಓದುಗರ ದೇಣಿಗೆ ಇವರಿಗೆ ದೊಡ್ಡ ಆಸರೆ.

ಎಲ್ಲರೂ ಹೀಗೆ ಎಲ್ಲವನ್ನೂ ಮುಂದಿಡುವುದಿಲ್ಲ. ಬೇರೊಂದು ಸುದ್ದಿ ಸೈಟ್ ನಮ್ಮ ಊರಿನ ಬಗ್ಗೆ ತಪ್ಪು ಬರೆದು, ದೂರು ಹೋದ ಮೇಲೆ ಸದ್ದಿಲ್ಲದೆ ಶೀರ್ಷಿಕೆ ಬದಲಿಸಿತು. ತಿದ್ದಿದ್ದೇವೆ ಅಂತ ಒಂದು ಸಾಲೂ ಇಲ್ಲ. ಹಳೆಯದನ್ನು ಓದಿದವರು ಏನು ಮಾಡಬೇಕು? ನನಗೆ ತುಂಬಾ ಬೇಜಾರಾಯಿತು.

ಆಲ್ಟ್ ನ್ಯೂಸ್ ಲೇಖನಗಳನ್ನು ಅಮ್ಮನಿಗೆ ನಾನೇ ಕನ್ನಡದಲ್ಲಿ ಹೇಳುತ್ತೇನೆ. ಪೂರ್ತಿ ಕೇಳಿಸಿಕೊಂಡು, ಆಮೇಲೆ ಆ ಫಾರ್ವರ್ಡ್ ಅಳಿಸುತ್ತಾರೆ.