ಹಳೇ ಸರ್ಫೇಸ್ ಗ್ರೈಂಡರ್ ತಗೊಳ್ಳೋರೇ, ಡಯಲ್ ತೋರಿಸೋ ಸೊನ್ನೆ ನಂಬಬೇಡಿ

ಮೈಸೂರು, ಮಂಡ್ಯ ಕಡೆ ಯಾರಾದ್ರೂ ಮನೇಲೇ ಗ್ರೈಂಡಿಂಗ್ ವೈಸ್, ವೀ ಬ್ಲಾಕ್ (ಎರಡೂ ತುಂಡು ಹಿಡಿಯೋ ಸಾಧನ) ಮಾಡ್ಕೊಳ್ಳೋಣ ಅಂತ ಹಳೇ ಸರ್ಫೇಸ್ ಗ್ರೈಂಡರ್ (ತಿರುಗೋ ಸಾಣೆ ಚಕ್ರದಿಂದ ಲೋಹದ ಮೈ ಸಮತಟ್ಟು ಮಾಡೋ ಮೆಷಿನ್) ಹುಡುಕ್ತಾ ಇದ್ರೆ, ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ. ಮೈಸೂರಲ್ಲೇ ಒಬ್ಬ ಹಳೇ ಮೆಷಿನ್ ವ್ಯಾಪಾರಿ ನನಗೆ ಟೋಪಿ ಹಾಕಿದ. ಹೊಟ್ಟೆ ಉರೀತಾ ಇದೆ.

ಮೆಷಿನ್‌ಗೆ ಹೊಸ ಪೇಂಟು, ಟೇಬಲ್ ಮೇಲೆ ತುಂಡನ್ನ ಅಯಸ್ಕಾಂತದಿಂದ ಹಿಡಿಯೋ ಮ್ಯಾಗ್ನೆಟಿಕ್ ಚಕ್ ಕನ್ನಡಿ ಥರ ಹೊಳೀತಿತ್ತು. ಸಾಣೆ ಚಕ್ರ ಕೂತಿರೋ ವೀಲ್‌ಹೆಡ್‌ಗೆ ಲಿವರ್ ಡಯಲ್ (ಏರುತಗ್ಗನ್ನ ಮುಳ್ಳಲ್ಲಿ ತೋರಿಸೋ ಮಾಪಕ) ಕಟ್ಟಿ, ಚಕ್ ಮೇಲೆ ಈ ತುದಿಯಿಂದ ಆ ತುದಿವರೆಗೆ ಟೇಬಲ್ ಓಡಿಸಿದ. "ನೋಡ್ಕಳಿ ಸಾರ್, ಮುಳ್ಳು ಅಲ್ಲಾಡ್ತಾ ಇದ್ಯಾ?" ಅಲ್ಲಾಡಲಿಲ್ಲ. ಒಂದು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಕೂಡ ಇಲ್ಲ!

ಯಾಕೆ ಅಲ್ಲಾಡುತ್ತೆ? ಮಾರೋಕೆ ಮುಂಚೆ ಆ ಚಕ್ಕನ್ನ ಅದೇ ಮೆಷಿನ್ ಮೇಲೇ ಗ್ರೈಂಡ್ ಮಾಡಿದ್ದ. ಟೇಬಲ್ ಜಾರೋ ಹಳಿ, ಅಂದ್ರೆ ಸ್ಲೈಡ್, ಎಷ್ಟೇ ಸವೆದಿರಲಿ, ಅದರ ಡೊಂಕೆಲ್ಲ ಚಕ್‌ಗೂ ಇಳಿದಿರುತ್ತೆ. ಅದೇ ದಾರೀಲಿ ಡಯಲ್ ಓಡಿಸಿದ್ರೆ ಸೊನ್ನೆನೇ ಬರೋದು. ಕಳ್ಳನ ಪರ ಕಳ್ಳನೇ ಸಾಕ್ಷಿ ಹೇಳಿದಂಗೆ.

ಗೊತ್ತಾಗಿದ್ದು ವೈಸ್ ಬಾಡಿ ಗ್ರೈಂಡ್ ಮಾಡಿದಾಗ. ಮೈಕ್ರೋಮೀಟರಲ್ಲಿ ನಾಲ್ಕೂ ಮೂಲೆ ಒಂದೇ ದಪ್ಪ. ಹೂಟಗಳ್ಳಿ ಟೂಲ್‌ರೂಮಲ್ಲಿರೋ ನಮ್ಮ ಭಾವ ಪಕ್ಕಾ ಸಮತಟ್ಟಾದ ಸರ್ಫೇಸ್ ಪ್ಲೇಟ್‌ಗೆ ಬ್ಲೂ (ತಾಗಿದ ಕಡೆ ಅಂಟೋ ನೀಲಿ ಬಣ್ಣ) ಹಚ್ಚಿ ಬಾಡೀನ ಅದರ ಮೇಲಿಟ್ರು. ನಡುವೆ ಮಾತ್ರ ಬ್ಲೂ ಅಂಟಿತ್ತು, ಎರಡೂ ತುದಿ ಖಾಲಿ. ಬೆರಳಿಂದ ತಳ್ಳಿದ್ರೆ ನಡು ಮೇಲೆ ಗಿರ್ರನೆ ತಿರುಗ್ತಿತ್ತು. ಹೊಟ್ಟೆ ಉಬ್ಬಿದೆ ಅಂತ ಅರ್ಥ. ಸ್ಲೈಡ್ ಸವೆದ ಮೆಷಿನಲ್ಲಿ ಟೇಬಲ್ ಹೊರಚಾಚಿದ ಕಡೆ ಬಾಗುತ್ತೆ, ವೀಲ್ ಕೆಳಗಿನ ತುದಿ ಮೇಲೇಳುತ್ತೆ, ಅಲ್ಲಿ ಜಾಸ್ತಿ ತಿನ್ನುತ್ತೆ. ಒಳ್ಳೇ ಗ್ರೈಂಡಿಂಗ್ ವೈಸಿಗೆ 100 ಮಿ.ಮೀ.ಗೆ 5 ಮೈಕ್ರಾನ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತಾರೆ. ಇದರಲ್ಲಿ ಯಾವ ಜನ್ಮಕ್ಕೆ ಆಗುತ್ತೆ?

ವ್ಯಾಪಾರಿಗೆ ಫೋನ್ ಮಾಡಿದೆ. "ನಿಮ್ಮ ಮುಂದೇನೇ ಡಯಲ್ ಓಡಿಸಿ ತೋರಿಸಿದೀನಲ್ಲ ಸಾರ್." ಆಮೇಲೆ "ಮನೆ ಶೆಡ್ ಅಲ್ವಾ, ನೆಲ ಸರಿ ಇಲ್ಲ." ಆಮೇಲೆ "ಹಳೇ ಮೆಷಿನ್‌ಗೆ ಗ್ಯಾರಂಟಿ ಎಲ್ಲಿಂದ ತರ್ಲಿ?" ಕೊನೆಗೆ ಏನಂದ ಗೊತ್ತಾ? "ಸ್ಲೈಡ್ ಸ್ಕ್ರೇಪಿಂಗ್ ಮಾಡೋ ಹುಡುಗ ನಮ್ಮೋನೇ ಇದಾನೆ, ಐವತ್ತು ಸಾವಿರ ಕೊಡಿ, ಸರಿ ಮಾಡಿಸ್ತೀನಿ." ನಾನು ಸ್ಲೈಡ್ ಅಂತ ಬಾಯೇ ಬಿಟ್ಟಿರಲಿಲ್ಲ! ಗೊತ್ತಿದ್ದೇ ಮಾರಿದಾನೆ. ಗೊತ್ತಿದ್ದೇ!

ನೋಡೋಕೆ ಹೋಗುವಾಗ ನಿಮ್ಮದೇ ಸ್ಟ್ರೈಟ್ ಎಡ್ಜ್ (ಪಕ್ಕಾ ನೇರ ಇರೋ ಪಟ್ಟಿ) ತಗೊಂಡ್ಹೋಗಿ, ಬೇರೆ ಕಡೆ ಚೆಕ್ ಮಾಡಿಸಿದ್ದು. ಚಕ್ ಮೇಲೆ ಅದರ ಎರಡೂ ತುದಿ ಕೆಳಗೆ ಸಮ ಎತ್ತರದ ಗೇಜ್ ಬ್ಲಾಕ್ (ನಿಖರ ಅಳತೆಯ ತುಂಡು) ಕೊಟ್ಟು ಆ ಪಟ್ಟಿ ಮೇಲೆ ಡಯಲ್ ಓಡಿಸಿ, ಟೇಬಲ್ ಪೂರ್ತಿ ಓಡಬೇಕು. ತುದೀಲಿ ಸೊನ್ನೆ ಬಂದು ನಡುವೆ ಮುಳ್ಳು ಸರಿದ್ರೆ ಸ್ಲೈಡ್ ಹೋಗಿದೆ. "ಅದೆಲ್ಲ ಬೇಡ ಸಾರ್, ಚಕ್ ಮೇಲೇ ನೋಡಿ" ಅಂದ್ರೆ ಎದ್ದು ಬನ್ನಿ.